ಹೋಮ್ ಸರ್ವರ್‌ನಲ್ಲಿ ಪ್ರೊಸೆಸರ್ ತಾಪಮಾನ ಕಾಣದಿದ್ದಾಗ ನಾನು ಹುಡುಕಿದ ದಾರಿ

ಕಲಬುರಗಿಯಲ್ಲಿ ಮನೆಯೊಳಗೆ ಸರ್ವರ್ ಇಟ್ಟುಕೊಂಡವರಿಗೆ ಅದರ ಪ್ರೊಸೆಸರ್ ಎಷ್ಟು ಬಿಸಿಯಾಗಿದೆ ಅನ್ನುವುದು ಗೊತ್ತಿರಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಮಹಡಿ ಮೇಲಿನ ಕೋಣೆಯಲ್ಲಿ ಮಧ್ಯಾಹ್ನ 36, 37 ಡಿಗ್ರಿ ಇರುತ್ತದೆ. ನನ್ನ ಸರ್ವರ್ ಇರುವುದು ಆ ಕೋಣೆಯಲ್ಲೇ, ಶಹಾಬಾದ್ ಕಲ್ಲಿನ ಕಪಾಟಿನಲ್ಲಿ. ಎಸಿ ಇಲ್ಲ. ಅದರ ಫ್ಯಾನ್ ಒಳಗೆ ಎಳೆದುಕೊಳ್ಳುವ ಗಾಳಿಯೇ ಬಿಸಿ.

ಮನೆಮಂದಿಯ ಫೋಟೋಗಳೆಲ್ಲ ಅದರಲ್ಲಿವೆ. ಅಪ್ಪನ ಹೊಲದ ಪಹಣಿ, ಹಳೇ ಕಾಗದಪತ್ರಗಳ ಸ್ಕ್ಯಾನ್ ಕೂಡ ಅಲ್ಲೇ ಇವೆ. ಫೋಟೋ ನೋಡಿಕೊಳ್ಳಲು ಫೋಟೋಪ್ರಿಸಂ, ಸಿನಿಮಾ ನೋಡಲು ಜೆಲ್ಲಿಫಿನ್ ಹಾಕಿದ್ದೇನೆ. ಎರಡೂ ಪ್ರೊಸೆಸರನ್ನು ಚೆನ್ನಾಗಿ ದುಡಿಸುತ್ತವೆ. 2022ರ ಶುರುವಿನಲ್ಲಿ ಹಳೇ ಡೆಸ್ಕ್‌ಟಾಪ್ ತೆಗೆದು ಇದನ್ನು ಹೊಸದಾಗಿ ಕಟ್ಟಿದೆ. ಎಎಂಡಿ ರೈಜನ್ 5 5600ಜಿ ಪ್ರೊಸೆಸರ್, 16 ಜಿಬಿ ರ‍್ಯಾಮ್, ಸಿಸ್ಟಮ್‌ಗೆ ಒಂದು ಎನ್‌ವಿಎಂಇ ಡ್ರೈವ್ (ವೇಗದ ಎಸ್‌ಎಸ್‌ಡಿ), ಫೋಟೋಗಳಿಗೆ ಎರಡು ಹಾರ್ಡ್ ಡಿಸ್ಕ್. ಮೇಲೆ ಡೆಬಿಯನ್ 11 ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಬೇಸಿಗೆ ಶುರುವಾಗುವ ಮೊದಲೇ ತಾಪಮಾನದ ಮೇಲೆ ಕಣ್ಣಿಡೋಣ ಅಂತ ಮೆಷಿನ್‌ನ ಅಂಕಿಗಳನ್ನು ಗೆರೆಚಿತ್ರವಾಗಿ ತೋರಿಸುವ ಗ್ರಫಾನಾ ಡ್ಯಾಶ್‌ಬೋರ್ಡ್ ಹಾಕಿದೆ. ಮೆಮೊರಿ ಬಂತು, ಡಿಸ್ಕ್ ಬಂತು, ನೆಟ್‌ವರ್ಕ್ ಬಂತು. ಪ್ರೊಸೆಸರ್ ತಾಪಮಾನದ ಜಾಗ ಮಾತ್ರ ಖಾಲಿ.

ಇಂಥ ಹೊತ್ತಲ್ಲಿ ಡ್ಯಾಶ್‌ಬೋರ್ಡ್ ಬಿಟ್ಟು ಕೆಳಗಿಳಿಯುವುದು ಒಳ್ಳೆಯದು. ಟರ್ಮಿನಲ್ ತೆರೆದು ‘ಸೆನ್ಸರ್ಸ್’ ಕಮಾಂಡ್ ಕೊಟ್ಟೆ. ಎಲ್‌ಎಂ-ಸೆನ್ಸರ್ಸ್ ಪ್ಯಾಕೇಜ್ ಹಾಕಿಕೊಂಡರೆ ಬರುವ ಕಮಾಂಡ್ ಅದು. ಎರಡೇ ಎರಡು ಗುಂಪು ಬಂದವು. ಒಂದು ಎನ್‌ವಿಎಂಇ ಡ್ರೈವ್‌ನದು, 41 ಡಿಗ್ರಿ ಆಸುಪಾಸು. ಇನ್ನೊಂದು ‘ಎಸಿಪಿಐಟಿಝಡ್’ ಅನ್ನುವ ಹೆಸರಿನದು. ಅದರ ಮುಂದೆ 16.8 ಡಿಗ್ರಿ.

ಈ 16.8ರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಖಾಲಿ ಜಾಗಕ್ಕಿಂತ ಇದು ಅಪಾಯದ್ದು. ಕೋಣೆಯಲ್ಲಿ 34 ಡಿಗ್ರಿ ಇದೆ. ಫ್ಯಾನ್ ಗಾಳಿಯಲ್ಲಿ ತಣ್ಣಗಾಗುವ ಪ್ರೊಸೆಸರ್ ಕೋಣೆಗಿಂತ ತಣ್ಣಗಿರಲು ಸಾಧ್ಯವೇ ಇಲ್ಲ. ಗಾಳಿ ಎಷ್ಟೇ ಬೀಸಿದರೂ ಗಾಳಿಯ ತಾಪಮಾನಕ್ಕಿಂತ ಕೆಳಗೆ ಇಳಿಸಲಾರದು. ಜೊತೆಗೆ ನಾನು ಒಂದು ದೊಡ್ಡ ವಿಡಿಯೋ ಪರಿವರ್ತನೆ ಹಚ್ಚಿ ನೋಡಿದೆ. ಆರೂ ಕೋರ್‌ಗಳು ಪೂರ್ತಿ ದುಡಿಯುತ್ತಿದ್ದವು, ಫ್ಯಾನ್ ಸದ್ದು ಏರಿತ್ತು, ಈ ಸಂಖ್ಯೆ ಮಾತ್ರ 16.8ರಲ್ಲೇ ಕೂತಿತ್ತು. ಎಸಿಪಿಐಟಿಝಡ್ ಅಂದರೆ ಮದರ್‌ಬೋರ್ಡ್‌ನ ಫರ್ಮ್‌ವೇರ್ (ಬೋರ್ಡ್ ಒಳಗೇ ಇರುವ ಸಾಫ್ಟ್‌ವೇರ್) ಆಪರೇಟಿಂಗ್ ಸಿಸ್ಟಮ್‌ಗೆ ಹೇಳುವ ‘ಥರ್ಮಲ್ ಜೋನ್’. ಎಷ್ಟೋ ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಇದರ ಹಿಂದೆ ಯಾವ ಸೆನ್ಸರೂ ಇರುವುದಿಲ್ಲ. ಬರೆದಿಟ್ಟ ಒಂದು ಸಂಖ್ಯೆಯನ್ನೇ ಅದು ಯಾವಾಗಲೂ ಹೇಳುತ್ತದೆ. 16.8, 27.8, 29.8 ಇಂಥವು ತುಂಬ ಜನರಿಗೆ ಕಾಣುತ್ತವೆ. ಡ್ಯಾಶ್‌ಬೋರ್ಡ್‌ನಲ್ಲಿ ‘ಸಿಪಿಯು’ ಅಂತ ಹೆಸರು ಹಾಕಿ ಇದನ್ನೇ ತೋರಿಸಿಬಿಟ್ಟರೆ ಬೇಸಿಗೆ ಪೂರ್ತಿ ಹಸಿರು ಬಣ್ಣ. ಒಳಗೆ ಪ್ರೊಸೆಸರ್ 95 ಮುಟ್ಟಿದರೂ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ನನ್ನ ನಿಯಮ ಇದು: ಯಾವ ಸಂಖ್ಯೆ ಬಂದರೂ ಮೊದಲು ಕೋಣೆಯ ತಾಪಮಾನಕ್ಕೆ ಹೋಲಿಸಬೇಕು, ಆಮೇಲೆ ಕೆಲಸ ಹಚ್ಚಿ ಏರುತ್ತದಾ ನೋಡಬೇಕು. ಏರದಿದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು.

ಹಾಗಾದರೆ ಪ್ರೊಸೆಸರ್‌ನ ಸೆನ್ಸರ್ರೇ ಕೆಟ್ಟಿದೆಯಾ? ಇದನ್ನು ತಿಳಿಯಲು ಸುಲಭದ ದಾರಿ ಇದೆ. ಸರ್ವರ್ ರೀಸ್ಟಾರ್ಟ್ ಮಾಡಿ, ಲಿನಕ್ಸ್ ಶುರುವಾಗುವ ಮೊದಲೇ ಸಿಗುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆಗೆ, ಅಂದರೆ ಬಯಾಸ್‌ಗೆ ಹೋದೆ. ಅಲ್ಲಿ ಸಿಪಿಯು ತಾಪಮಾನ 50ರ ಮೇಲೆ ಇತ್ತು, ಕಣ್ಣೆದುರೇ ಒಂದೆರಡು ಡಿಗ್ರಿ ಏರಿಳಿಯುತ್ತಿತ್ತು. ಬಯಾಸ್‌ನಲ್ಲಿರುವಾಗ ಪ್ರೊಸೆಸರ್ ಪೂರ್ತಿ ನಿದ್ದೆಗೆ ಜಾರುವುದಿಲ್ಲ, ಹಾಗಾಗಿ ಅಲ್ಲಿ ಸಂಖ್ಯೆ ಸ್ವಲ್ಪ ಮೇಲೇ ಇರುತ್ತದೆ. ನನಗೆ ಬೇಕಾಗಿದ್ದು ಅಷ್ಟೇ: ಸೆನ್ಸರ್ ಗಟ್ಟಿಯಾಗಿದೆ, ಬದುಕಿದೆ. ಅಲ್ಲಿಂದ ಲಿನಕ್ಸ್‌ಗೆ ಬರುವ ದಾರಿಯಲ್ಲಿ ಎಲ್ಲೋ ತುಂಡಾಗಿದೆ.

ಆ ದಾರಿ ಹೇಗಿದೆ ಅಂತ ಗೊತ್ತಿದ್ದರೆ ಹುಡುಕುವುದು ಹಗುರ. ಚಿಪ್ ಒಳಗೆ ಸೆನ್ಸರ್ ಇದೆ. ಅದನ್ನು ಕರ್ನೆಲ್‌ನ, ಅಂದರೆ ಲಿನಕ್ಸ್‌ನ ತಿರುಳಿನ, ಒಂದು ಡ್ರೈವರ್ ಓದುತ್ತದೆ. ಇಂಟೆಲ್ ಚಿಪ್ ಆದರೆ ‘ಕೋರ್‌ಟೆಂಪ್’, ಎಎಂಡಿ ಆದರೆ ‘ಕೆ10ಟೆಂಪ್’. ಡ್ರೈವರ್ ತಾನು ಓದಿದ್ದನ್ನು ‘/ಸಿಸ್/ಕ್ಲಾಸ್/ಎಚ್‌ಡಬ್ಲ್ಯೂಮಾನ್’ ಅನ್ನುವ ಫೋಲ್ಡರ್‌ನಲ್ಲಿ ಇಡುತ್ತದೆ. ‘ಸೆನ್ಸರ್ಸ್’ ಕಮಾಂಡ್ ಆಗಲಿ, ಡ್ಯಾಶ್‌ಬೋರ್ಡ್‌ಗೆ ಅಂಕಿ ಕಳಿಸುವ ನೋಡ್ ಎಕ್ಸ್‌ಪೋರ್ಟರ್ ಆಗಲಿ, ಎಲ್ಲರೂ ನೋಡುವುದು ಆ ಫೋಲ್ಡರನ್ನೇ. ಕೆಳಗಿನ ಮೆಟ್ಟಿಲು ಇಲ್ಲದೆ ಮೇಲಿನದನ್ನು ರಿಪೇರಿ ಮಾಡಿ ಉಪಯೋಗವಿಲ್ಲ. ಡ್ಯಾಶ್‌ಬೋರ್ಡ್ ತೆಗೆದು ಮತ್ತೆ ಹಾಕುವುದು, ಪ್ಯಾಕೇಜ್ ಮತ್ತೆ ಇನ್‌ಸ್ಟಾಲ್ ಮಾಡುವುದು, ಇವೆಲ್ಲ ಸುಮ್ನೆ ಸಮಯ ತಿನ್ನುತ್ತವೆ.

ಆ ಫೋಲ್ಡರ್ ಒಳಗೆ ಹೋದರೆ ಎಚ್‌ಡಬ್ಲ್ಯೂಮಾನ್0, ಎಚ್‌ಡಬ್ಲ್ಯೂಮಾನ್1 ಅಂತ ಸಾಲಾಗಿ ಇರುತ್ತವೆ. ಒಂದೊಂದರಲ್ಲೂ ‘ನೇಮ್’ ಅನ್ನುವ ಫೈಲ್ ಇದೆ. ಅದನ್ನು ತೆರೆದರೆ ಯಾವ ಡ್ರೈವರ್‌ನದು ಅಂತ ತಿಳಿಯುತ್ತದೆ. ನನ್ನಲ್ಲಿ ಎಸಿಪಿಐಟಿಝಡ್ ಇತ್ತು, ಎನ್‌ವಿಎಂಇ ಇತ್ತು. ಕೆ10ಟೆಂಪ್ ಇರಲಿಲ್ಲ. ಅಂದರೆ ಎಲ್‌ಎಂ-ಸೆನ್ಸರ್ಸ್ ಸರಿಯಾಗಿಯೇ ಇದೆ, ಅದಕ್ಕೆ ತೋರಿಸಲು ಏನೂ ಸಿಕ್ಕಿಲ್ಲ.

ಸರಿ, ಡ್ರೈವರ್ ಹಚ್ಚೋಣ ಅಂತ ‘ಮಾಡ್‌ಪ್ರೋಬ್ ಕೆ10ಟೆಂಪ್’ ಕೊಟ್ಟೆ. ಯಾವ ತಕರಾರೂ ಬರಲಿಲ್ಲ. ಲೋಡ್ ಆದ ಡ್ರೈವರ್‌ಗಳನ್ನು ತೋರಿಸುವ ‘ಎಲ್‌ಎಸ್‌ಮಾಡ್’ ಪಟ್ಟಿಯಲ್ಲಿ ಕೆ10ಟೆಂಪ್ ಹೆಸರು ಬಂತು. ‘ಸೆನ್ಸರ್ಸ್’ ಕೊಟ್ಟರೆ ಮತ್ತೆ ಅದೇ ಎರಡು ಗುಂಪು. ಕರ್ನೆಲ್ ಲಾಗ್ ನೋಡಿದೆ, ಅಲ್ಲೂ ಒಂದು ಸಾಲು ಇಲ್ಲ. ಬಹಳ ಜನ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ಡ್ರೈವರ್ ಲೋಡ್ ಆಗಿದೆ, ಎರರ್ ಇಲ್ಲ, ಹಾಗಿದ್ದರೆ ಹಾರ್ಡ್‌ವೇರ್‌ದೇ ತೊಂದರೆ ಅಂದುಕೊಳ್ಳುತ್ತಾರೆ. ನಿಜ ಬೇರೆ. ಡ್ರೈವರ್ ಮೆಮೊರಿಗೆ ಬರುವುದು ಒಂದು, ಅದು ಯಾವುದಾದರೂ ಡಿವೈಸ್ ಜೊತೆ ಸೇರಿಕೊಳ್ಳುವುದು ಇನ್ನೊಂದು. ಹೊಸ ಊರಿನ ಪೋಸ್ಟ್‌ಮನ್ ಥರ ಅದು: ಡ್ಯೂಟಿಗೆ ಬಂದಿದ್ದಾನೆ, ಆದರೆ ಕೈಯಲ್ಲಿರುವ ಪಟ್ಟಿಯಲ್ಲಿ ನಮ್ಮ ಮನೆ ವಿಳಾಸವೇ ಇಲ್ಲ. ಅವನು ಬಾಗಿಲು ಬಡಿಯುವುದಿಲ್ಲ, ಹಾಗಂತ ಎಲ್ಲೂ ದೂರು ಬರೆಯುವುದೂ ಇಲ್ಲ.

ಮುಂದೆ ಹೋಗುವ ಮೊದಲು ‘ಸೆನ್ಸರ್ಸ್-ಡಿಟೆಕ್ಟ್’ ಕೂಡ ಓಡಿಸಿದೆ. ಅದು ಪ್ರಶ್ನೆ ಕೇಳುತ್ತಾ ಹೋಗುತ್ತದೆ. ದೊಡ್ಡ ಅಕ್ಷರದಲ್ಲಿ ತೋರಿಸುವ ಉತ್ತರವನ್ನೇ ಒಪ್ಪಿಕೊಳ್ಳುತ್ತಾ ಎಂಟರ್ ಒತ್ತಿದರೆ ಸಾಕು. ತಿಳಿಯದ ಪ್ರಶ್ನೆಗೆ ಮನಸ್ಸಿಗೆ ಬಂದಂತೆ ಹೌದು ಅನ್ನಬಾರದು, ಕೆಲವು ಚಿಪ್‌ಗಳು ಹಾಗೆ ತಡಕಾಡುವುದನ್ನು ಸಹಿಸುವುದಿಲ್ಲ. ಕೊನೆಗೆ ಅದು ಬೋರ್ಡ್ ಮೇಲಿನ ಸೂಪರ್ ಐಒ ಚಿಪ್ ಒಂದನ್ನು ಹೆಸರು ಸಮೇತ ಗುರುತಿಸಿತು. ಡ್ರೈವರ್ ಜಾಗದಲ್ಲಿ ‘ಇನ್ನೂ ಬರೆಯಬೇಕು’ ಅನ್ನುವ ಅರ್ಥದ ಇಂಗ್ಲಿಷ್ ಸಾಲು ಇತ್ತು. ಈ ಸೂಪರ್ ಐಒ ಚಿಪ್ ನೋಡಿಕೊಳ್ಳುವುದು ಫ್ಯಾನ್ ವೇಗ, ವೋಲ್ಟೇಜ್, ಬೋರ್ಡ್ ತಾಪಮಾನ ಇಂಥವನ್ನು. ಪ್ರೊಸೆಸರ್ ತಾಪಮಾನಕ್ಕೆ ಇದು ಬೇಕಾಗಿಲ್ಲ.

ಇಲ್ಲಿ ಒಂದು ಅಡ್ಡದಾರಿ ಸಿಗುತ್ತದೆ, ಹೇಳಿಬಿಡುತ್ತೇನೆ. ಸೂಪರ್ ಐಒ ಚಿಪ್ ಓದಲು ಹೊರಗಿನಿಂದ ಡ್ರೈವರ್ ತಂದು ಹಾಕಿ, ಬೂಟ್ ಸಾಲಿನಲ್ಲಿ ‘ಎಸಿಪಿಐ ಎನ್‌ಫೋರ್ಸ್ ರಿಸೋರ್ಸಸ್’ ಅನ್ನುವುದನ್ನು ‘ಲ್ಯಾಕ್ಸ್’ ಮಾಡಿ ಅಂತ ಸಲಹೆ ಕೊಡುವವರು ಬಹಳ. ಫರ್ಮ್‌ವೇರ್ ತನ್ನದು ಅಂತ ಹಿಡಿದುಕೊಂಡಿರುವ ವಿಳಾಸವನ್ನು ಡ್ರೈವರ್‌ಗೂ ಬಿಟ್ಟುಕೊಡುವ ವ್ಯವಸ್ಥೆ ಅದು. ಇಬ್ಬರೂ ಒಂದೇ ಹೊತ್ತಿಗೆ ಆ ಚಿಪ್ ಮುಟ್ಟಿದರೆ ತಪ್ಪು ರೀಡಿಂಗ್ ಬರಬಹುದು, ಫ್ಯಾನ್ ಹಿಡಿತವೂ ತಪ್ಪಬಹುದು. ಆಟಕ್ಕೆ ಇಟ್ಟ ಮೆಷಿನ್ ಆದರೆ ಮಾಡಿ ನೋಡಬಹುದು. ಮನೆಯ ಫೋಟೋಗಳೆಲ್ಲ ಇರುವ ಮೆಷಿನ್‌ನಲ್ಲಿ ನಾನು ಮಾಡುವುದಿಲ್ಲ. ಇನ್ನೊಂದು ವಿಷಯ: ಕೆಲವು ಬೋರ್ಡ್‌ಗಳಲ್ಲಿ ಈ ಚಿಪ್ ತೋರಿಸುವ ‘ಸಿಪಿಯುಟಿನ್’ ಅನ್ನುವ ಸಂಖ್ಯೆಯನ್ನು ಪ್ರೊಸೆಸರ್ ತಾಪಮಾನ ಅಂತ ನಂಬುವವರಿದ್ದಾರೆ. ಅದು ಪ್ರೊಸೆಸರ್ ಒಳಗಿನ ಸೆನ್ಸರ್ ಅಲ್ಲ. ಎಷ್ಟೋ ಬೋರ್ಡ್‌ಗಳಲ್ಲಿ ಆ ಸಂಖ್ಯೆಗೂ ನಿಜಕ್ಕೂ ಸಂಬಂಧವೇ ಇರುವುದಿಲ್ಲ.

ಮುಖ್ಯ ದಾರಿಗೆ ಬರೋಣ. ಕೆ10ಟೆಂಪ್ ಯಾರನ್ನು ಹುಡುಕುತ್ತದೆ? ಕಂಪ್ಯೂಟರ್‌ನ ಭಾಗಗಳನ್ನು ಜೋಡಿಸುವ ಪಿಸಿಐ ಬಸ್ ಮೇಲೆ ಕಾಣುವ ಪ್ರೊಸೆಸರ್‌ನದೇ ಒಂದು ಭಾಗವನ್ನು. ಎಎಂಡಿ ಚಿಪ್ ತನ್ನ ಒಳಭಾಗಗಳನ್ನು 00:18.0ರಿಂದ 00:18.7ರವರೆಗೆ ಎಂಟು ಪಿಸಿಐ ಡಿವೈಸ್‌ಗಳಾಗಿ ತೋರಿಸುತ್ತದೆ. ಅದರಲ್ಲಿ 00:18.3 ನಮಗೆ ಬೇಕಾದದ್ದು. ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಟ್ಟರೆ ಪ್ರತಿ ಡಿವೈಸ್‌ನ ನಂಬರ್ ಮತ್ತು ಅದನ್ನು ಹಿಡಿದಿರುವ ಡ್ರೈವರ್ ಎರಡೂ ಕಾಣುತ್ತವೆ. ನನ್ನಲ್ಲಿ 00:18.3ರ ನಂಬರ್ 1022:166ಡಿ. 1022 ಅಂದರೆ ಎಎಂಡಿ, 166ಡಿ ಅಂದರೆ ಈ ಚಿಪ್‌ನ ಆ ಭಾಗ. ಯಾವ ಡ್ರೈವರ್ ಹಿಡಿದಿದೆ ಅನ್ನುವ ಸಾಲು ಅದರ ಕೆಳಗೆ ಇರಲೇ ಇಲ್ಲ.

ಹೋಲಿಸಿ ನೋಡಲು ಒಬ್ಬ ಗೆಳೆಯನಿಗೆ ಮೆಸೇಜ್ ಹಾಕಿದೆ. ಅವನದು ರೈಜನ್ 5 3600, ಅದೇ ಡೆಬಿಯನ್ 11. ಅದೇ ಕಮಾಂಡ್ ಓಡಿಸಿ ಫಲಿತಾಂಶ ಕಳಿಸಿದ. ಅವನಲ್ಲಿ 00:18.3ರ ಕೆಳಗೆ ‘ಕೆ10ಟೆಂಪ್’ ಅಂತ ಸ್ಪಷ್ಟವಾಗಿ ಇತ್ತು. ಆಮೇಲೆ ನನ್ನ ಸರ್ವರ್‌ನಲ್ಲಿ ‘ಮಾಡ್‌ಇನ್ಫೋ ಕೆ10ಟೆಂಪ್’ ಓಡಿಸಿದೆ. ಈ ಡ್ರೈವರ್‌ಗೆ ಯಾವ ಯಾವ ಡಿವೈಸ್ ನಂಬರ್ ಗೊತ್ತು ಅನ್ನುವ ಪಟ್ಟಿ ಅದರಲ್ಲಿ ಬರುತ್ತದೆ. ಗೆಳೆಯನ ಚಿಪ್‌ನ ನಂಬರ್ ಅದರಲ್ಲಿ ಇತ್ತು. 166ಡಿ ಇರಲಿಲ್ಲ. ಮೇಲಿಂದ ಕೆಳಗೆ ಮತ್ತೆ ಓದಿದೆ. ಇಲ್ಲ.

ಯಾಕೆ ಇಲ್ಲ ಅನ್ನುವುದಕ್ಕೆ ತಾರೀಖುಗಳೇ ಉತ್ತರ. ಡೆಬಿಯನ್ 11 ಬಂದದ್ದು 2021ರ ಆಗಸ್ಟ್‌ನಲ್ಲಿ. ಅದರೊಳಗಿನ ಕರ್ನೆಲ್ 5.10. ಆ ಕರ್ನೆಲ್ ಬಿಡುಗಡೆಯಾದದ್ದು 2020ರ ಡಿಸೆಂಬರ್‌ನಲ್ಲಿ. ರೈಜನ್ 5 5600ಜಿ ಅಂಗಡಿಗೆ ಬಂದದ್ದು 2021ರ ಆಗಸ್ಟ್‌ನಲ್ಲಿ. ಸಿಸ್ಟಮ್‌ಗೂ ಚಿಪ್‌ಗೂ ಒಂದೇ ತಿಂಗಳು, ಆದರೆ ಒಳಗಿನ ಕರ್ನೆಲ್ ಚಿಪ್‌ಗಿಂತ ಎಂಟು ತಿಂಗಳು ಹಳೆಯದು. ಡೆಬಿಯನ್ ಒಂದು ಕರ್ನೆಲ್ ಆರಿಸಿಕೊಂಡರೆ ವರ್ಷಗಟ್ಟಲೆ ಅದನ್ನೇ ಕಾಪಾಡಿಕೊಂಡು ಹೋಗುತ್ತದೆ. ಸರ್ವರ್‌ಗೆ ಅದು ಒಳ್ಳೆಯದು, ನಾನು ಡೆಬಿಯನ್ ಆರಿಸಿಕೊಂಡದ್ದೂ ಅದಕ್ಕೇ. ಹೊಸ ಚಿಪ್ ಹಾಕಿದಾಗ ಅದೇ ಗುಣದಿಂದ ಇಂಥ ತೂತು ಉಳಿಯುತ್ತದೆ.

ಎಎಂಡಿ ಮತ್ತು ಇಂಟೆಲ್ ನಡುವಿನ ವ್ಯತ್ಯಾಸವೂ ಇಲ್ಲಿಯೇ ಇದೆ. ಇಂಟೆಲ್‌ನ ಕೋರ್‌ಟೆಂಪ್ ಚಿಪ್‌ನ ಮಾಡೆಲ್ ನಂಬರ್ ಹುಡುಕುವುದಿಲ್ಲ. ‘ಡಿಥರ್ಮ್’ ಅನ್ನುವ ಗುರುತು ಪ್ರೊಸೆಸರ್‌ನಲ್ಲಿ ಇದೆಯಾ ನೋಡುತ್ತದೆ, ಇದ್ದರೆ ಓದಲು ಶುರು ಮಾಡುತ್ತದೆ. ಹಾಗಾಗಿ ಹೊಸ ಇಂಟೆಲ್ ಚಿಪ್ ಹಳೇ ಕರ್ನೆಲ್ ಮೇಲೂ ಬಹುಪಾಲು ತಾಪಮಾನ ತೋರಿಸುತ್ತದೆ. ಕೆ10ಟೆಂಪ್‌ಗೆ ಪ್ರತಿ ಹೊಸ ಚಿಪ್ ಬಂದಾಗಲೂ ಯಾರಾದರೂ ಒಂದು ಸಾಲು ಸೇರಿಸಬೇಕು. ರೈಜನ್ ಬರುವುದಕ್ಕಿಂತ ಎಷ್ಟೋ ಮೊದಲಿನ ಕೆ10 ಪೀಳಿಗೆಗೆ ಅಂತ ಬರೆದ ಡ್ರೈವರ್ ಅದು. ಇವತ್ತಿಗೂ ಸಾಲು ಸಾಲಾಗಿ ಬೆಳೆಯುತ್ತಲೇ ಇದೆ. ಹಾಗೆ ಸಾಲು ಸೇರಿಸುವವರ ಬಗ್ಗೆ ನನಗೆ ತುಂಬ ಗೌರವ. ತಮ್ಮ ಮೆಷಿನ್‌ನಲ್ಲಿ ತಾಪಮಾನ ಬರುತ್ತಿಲ್ಲ ಅಂತ ಗಮನಿಸಿ, ನಂಬರ್ ಹುಡುಕಿ, ಪರೀಕ್ಷೆ ಮಾಡಿ ಕಳಿಸಿದವರಿಂದಲೇ ಉಳಿದವರಿಗೆಲ್ಲ ಅನುಕೂಲವಾಗಿದೆ.

ಕರ್ನೆಲ್ ಬದಲಿಸದೆ ನಂಬರನ್ನು ಕೈಯಾರೆ ಡ್ರೈವರ್‌ಗೆ ಹೇಳುವ ದಾರಿಯೂ ಲಿನಕ್ಸ್‌ನಲ್ಲಿದೆ. ‘ನ್ಯೂ ಐಡಿ’ ಅನ್ನುವ ಫೈಲ್‌ಗೆ ಬರೆದರೆ ಆಯಿತು. ಕೆಲವು ನೆಟ್‌ವರ್ಕ್ ಕಾರ್ಡ್‌ಗಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ರೈಜನ್ ತಾಪಮಾನಕ್ಕೆ ಇದನ್ನು ನಾನು ನಂಬಲಿಲ್ಲ. ಈ ಚಿಪ್‌ಗಳಲ್ಲಿ ಕೆ10ಟೆಂಪ್ ಸೆನ್ಸರನ್ನು ನೇರವಾಗಿ ಓದುವುದಿಲ್ಲ. ಚಿಪ್ ಒಳಗಿನ ಬೇರೊಂದು ಜಾಲದ ಮೂಲಕ ಕೇಳಿ ತಿಳಿಯುತ್ತದೆ. ಆ ಜಾಲವನ್ನು ನೋಡಿಕೊಳ್ಳುವುದು ಕರ್ನೆಲ್‌ನ ಇನ್ನೊಂದು ಭಾಗ, ಅದಕ್ಕೂ ಈ ಚಿಪ್‌ನ ನಂಬರ್ ಗೊತ್ತಿರಬೇಕು. ಒಂದು ಕಡೆ ಹೇಳಿ ಇನ್ನೊಂದು ಕಡೆ ಬಿಟ್ಟರೆ ಕೆಲಸ ಆಗುವುದಿಲ್ಲ. ಎರಡೂ ಕಡೆ ನಂಬರ್ ಸೇರಿಸಿರುವ ಹೊಸ ಕರ್ನೆಲ್ ಹಾಕುವುದೇ ಶುದ್ಧ ದಾರಿ ಅನ್ನಿಸಿತು.

ಡೆಬಿಯನ್‌ನಲ್ಲಿ ಅದಕ್ಕೆ ಬ್ಯಾಕ್‌ಪೋರ್ಟ್ಸ್ ಇದೆ. ಉಳಿದ ಸಿಸ್ಟಮ್ ಹಾಗೇ ಇಟ್ಟುಕೊಂಡು, ಬೇಕಾದ ಒಂದೆರಡು ಪ್ಯಾಕೇಜ್ ಮಾತ್ರ ಹೊಸದು ತರಿಸಿಕೊಳ್ಳುವ ವ್ಯವಸ್ಥೆ. ಪ್ಯಾಕೇಜ್ ತರಿಸುವ ಆಪ್ಟ್‌ನ ಸೋರ್ಸ್ ಪಟ್ಟಿಗೆ ‘ಬುಲ್ಸ್‌ಐ-ಬ್ಯಾಕ್‌ಪೋರ್ಟ್ಸ್’ ಸಾಲು (ಬುಲ್ಸ್‌ಐ ಅಂದರೆ ಡೆಬಿಯನ್ 11) ಸೇರಿಸಿ, ಅಲ್ಲಿಂದ ‘ಲಿನಕ್ಸ್-ಇಮೇಜ್-ಎಎಂಡಿ64’ ತರಿಸಿದೆ. ಆ ಹೊತ್ತಿಗೆ ಅಲ್ಲಿ 5.15ಕ್ಕಿಂತ ಹೊಸ ಕರ್ನೆಲ್ ಇತ್ತು. ಬ್ಯಾಕ್‌ಪೋರ್ಟ್ಸ್ ಸಾಲು ಸೇರಿಸಿದ ಮಾತ್ರಕ್ಕೆ ಎಲ್ಲ ಪ್ಯಾಕೇಜ್ ಹೊಸದಾಗುವುದಿಲ್ಲ, ಕೇಳಿದ್ದು ಮಾತ್ರ ಬರುತ್ತದೆ. ಹಳೇ 5.10 ಕೂಡ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಉಳಿದಿರುತ್ತದೆ, ತೊಂದರೆಯಾದರೆ ವಾಪಸ್ ಹೋಗಬಹುದು. ಈ ಧೈರ್ಯ ಇದ್ದದ್ದರಿಂದಲೇ ಕೈ ಹಾಕಿದೆ. ನನ್ನ ಡಿಸ್ಕ್‌ಗಳು ಎಂಡಿಎಡಿಎಂ ಮಿರರ್ (ಎರಡರಲ್ಲೂ ಒಂದೇ ಪ್ರತಿ) ಮೇಲೆ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್, ಇವು ಕರ್ನೆಲ್ ಜೊತೆಗೇ ಬರುವುದರಿಂದ ಕರ್ನೆಲ್ ಬದಲಾದರೆ ಚಿಂತೆ ಇಲ್ಲ. ಕರ್ನೆಲ್‌ನ ಹೊರಗಿನಿಂದ ಬರುವ ಝಡ್‌ಎಫ್‌ಎಸ್ ಫೈಲ್‌ಸಿಸ್ಟಮ್ ಬಳಸುವವರು ಮಾತ್ರ ಎಚ್ಚರ ವಹಿಸಬೇಕು. ಹೊಸ ಕರ್ನೆಲ್‌ನ ಹೆಡರ್ ಪ್ಯಾಕೇಜ್ ಜೊತೆಗೇ ಹಾಕಬೇಕು, ತಮ್ಮ ಝಡ್‌ಎಫ್‌ಎಸ್ ಆವೃತ್ತಿ ಆ ಕರ್ನೆಲ್ ಮೇಲೆ ನಡೆಯುತ್ತದಾ ಅಂತ ಮೊದಲೇ ನೋಡಬೇಕು. ಇಲ್ಲದಿದ್ದರೆ ರೀಬೂಟ್ ಆದ ಮೇಲೆ ತಾಪಮಾನ ಕಾಣುತ್ತದೆ, ಡಿಸ್ಕ್ ಕಾಣುವುದಿಲ್ಲ.

ರೀಬೂಟ್ ಮಾಡಿ ‘ಯುನೇಮ್ -ಆರ್’ ನೋಡಿ ಹೊಸ ಕರ್ನೆಲ್ ಅಂತ ಖಾತ್ರಿ ಮಾಡಿಕೊಂಡೆ. ಮತ್ತೆ ‘ಸೆನ್ಸರ್ಸ್’. ಈ ಸಲ ‘ಕೆ10ಟೆಂಪ್-ಪಿಸಿಐ-00ಸಿ3’ ಅಂತ ಹೊಸ ಗುಂಪು, ಅದರ ಕೆಳಗೆ ‘ಟಿಸಿಟಿಎಲ್’ 44.4 ಡಿಗ್ರಿ. ಯಾವ ಸೆಟ್ಟಿಂಗೂ ಮುಟ್ಟಿರಲಿಲ್ಲ, ಮಾಡ್‌ಪ್ರೋಬ್ ಕೂಡ ಕೊಟ್ಟಿರಲಿಲ್ಲ. ಕರ್ನೆಲ್ ತಾನೇ ಚಿಪ್ ಗುರುತಿಸಿ ಡ್ರೈವರ್ ಹಚ್ಚಿಕೊಂಡಿತ್ತು. ಮನಸ್ಸಿಗೆ ನಿಜಕ್ಕೂ ಖುಷಿಯಾಯಿತು.

ಬಂದ ಸಂಖ್ಯೆ ನಿಜವಾ? ಹಿಂದೆ ಹೇಳಿದ ಎರಡು ಪರೀಕ್ಷೆ ಮಾಡಿದೆ. ಕೋಣೆ 35, ಪ್ರೊಸೆಸರ್ 44, ಸುಮ್ಮನೆ ಇರುವಾಗ ಇದು ಒಪ್ಪುವಂಥದ್ದು. ಆಮೇಲೆ ‘ಸ್ಟ್ರೆಸ್-ಎನ್‌ಜಿ’ಯಿಂದ ಎಲ್ಲ ಕೋರ್‌ಗಳಿಗೂ ಕೆಲಸ ಕೊಟ್ಟೆ. ಸೆಕೆಂಡುಗಳಲ್ಲೇ 70 ದಾಟಿತು, ನಿಧಾನಕ್ಕೆ 80 ದಾಟಿತು, 88ರ ಹತ್ತಿರ ನಿಂತಿತು. ನಿಲ್ಲಿಸಿದ ಕೂಡಲೇ ಸರ್ರನೆ ಇಳಿಯಿತು. ಬದುಕಿರುವ ಸೆನ್ಸರ್‌ನ ನಡವಳಿಕೆ ಇದು. ಎಚ್‌ಡಬ್ಲ್ಯೂಮಾನ್ ಫೋಲ್ಡರ್‌ನಲ್ಲಿರುವ ‘ಟೆಂಪ್1 ಇನ್‌ಪುಟ್’ ಫೈಲ್ ತೆರೆದರೆ 44375 ಅಂತ ಇರುತ್ತದೆ. ಅದು ಡಿಗ್ರಿಯ ಸಾವಿರದ ಒಂದು ಭಾಗದ ಲೆಕ್ಕ, ಸಾವಿರದಿಂದ ಭಾಗಿಸಿದರೆ 44.375. ಈ ಚಿಪ್‌ಗಳಲ್ಲಿ ರೀಡಿಂಗ್ ಏರಿಳಿಯುವುದು 0.125ರ ಹೆಜ್ಜೆಯಲ್ಲಿ.

ಟಿಸಿಟಿಎಲ್ ಅನ್ನುವುದು ಫ್ಯಾನ್ ಹಿಡಿತಕ್ಕೆ ಅಂತ ಚಿಪ್ ಕೊಡುವ ಸಂಖ್ಯೆ. 5600ಜಿಯಲ್ಲಿ ಅದನ್ನು ಹಾಗೇ ತಾಪಮಾನ ಅಂತ ಓದಬಹುದು. 2017ರ ರೈಜನ್ 7 1700ಎಕ್ಸ್, 1800ಎಕ್ಸ್ ಇಟ್ಟುಕೊಂಡವರಿಗೆ ಹಾಗಲ್ಲ. ಅವುಗಳಲ್ಲಿ ಟಿಸಿಟಿಎಲ್ ನಿಜಕ್ಕಿಂತ 20 ಡಿಗ್ರಿ ಜಾಸ್ತಿ. ರೈಜನ್ 7 2700ಎಕ್ಸ್‌ನಲ್ಲಿ 10 ಜಾಸ್ತಿ. ಹೊಸ ಕರ್ನೆಲ್‌ಗಳು ಇದನ್ನು ಕಳೆದು ‘ಟಿಡೈ’ ಅಂತ ಬೇರೆ ಸಾಲಿನಲ್ಲಿ ತೋರಿಸುತ್ತವೆ. ಹಳೇ ರೈಜನ್‌ನಲ್ಲಿ ಸರ್ವರ್ ಕಟ್ಟಿದವರು ಯಾವ ಸಾಲು ಓದುತ್ತಿದ್ದೇವೆ ಅಂತ ನೋಡಿಕೊಳ್ಳಬೇಕು.

ಇಷ್ಟರಲ್ಲಿ ಹುಬ್ಬಳ್ಳಿಯಿಂದ ಚಿಕ್ಕಪ್ಪನ ಮಗನ ಫೋನ್ ಬಂತು. ಅವನದು ಇಂಟೆಲ್ ಮೆಷಿನ್.

“ಅಣ್ಣಾ, ನಂದ್ರಾಗೂ ಟೆಂಪರೇಚರ್ ಬರವಲ್ದು ನೋಡು. ಕರ್ನೆಲ್ ಹೊಸಾದು ಹಾಕ್ಲ್ಯಾ?”

“ತಡಿ. ಎಲ್ಲಿ ನೋಡ್ಲಿಕತ್ತಿ ನೀ?”

“ಪ್ರಾಕ್ಸ್‌ಮಾಕ್ಸ್ ಹಾಕೀನಲ್ಲ, ಅದರಾಗಿನ ಉಬುಂಟು ವಿಎಂನಾಗ.”

“ವಿಎಂ ಒಳಗ ಅದು ಬರೂದಿಲ್ಲೋ. ಹೊರಗ ಹೋಸ್ಟ್‌ನಾಗ ಸೆನ್ಸರ್ಸ್ ಹಾಕಿ ನೋಡು.”

ಹೋಸ್ಟ್‌ನಲ್ಲಿ ಎಲ್ಲ ಕೋರ್‌ಗಳ ತಾಪಮಾನವೂ ಬಂತು. ಪ್ರಾಕ್ಸ್‌ಮಾಕ್ಸ್ ಅಂದರೆ ಒಂದೇ ಮೆಷಿನ್ (ಹೋಸ್ಟ್) ಒಳಗೆ ಹಲವು ತೋರಿಕೆಯ ಕಂಪ್ಯೂಟರ್‌ಗಳನ್ನು (ವಿಎಂ) ನಡೆಸುವ ಸಿಸ್ಟಮ್. ವಿಎಂಗೆ ಸಿಗುವುದು ತೋರಿಕೆಯ ಪ್ರೊಸೆಸರ್. ಹೋಸ್ಟ್ ಅದರಿಂದ ಡಿಥರ್ಮ್ ಗುರುತನ್ನು ಮರೆಮಾಡಿರುತ್ತದೆ, ಹಾಗಾಗಿ ಕೋರ್‌ಟೆಂಪ್‌ಗೆ ಕೆಲಸವೇ ಇಲ್ಲ. ಕಂಟೇನರ್ ಆದರೆ ಮಾತು ಬೇರೆ, ಅದು ಹೋಸ್ಟ್‌ನ ಕರ್ನೆಲ್ಲನ್ನೇ ಹಂಚಿಕೊಳ್ಳುವುದರಿಂದ ಸಾಮಾನ್ಯವಾಗಿ ಕಾಣುತ್ತದೆ. ಕಾಣೆಯಾದ ತಾಪಮಾನದ ಬಗ್ಗೆ ಯಾರೇ ಕೇಳಲಿ, ನಾನು ಈಗ ಮೊದಲು ಕೇಳುವ ಪ್ರಶ್ನೆ “ಎಲ್ಲಿ ನೋಡ್ತಿದ್ದೀರಿ” ಅನ್ನುವುದೇ.

ನನ್ನ ಕೆಲಸ ಇನ್ನೂ ಮುಗಿದಿರಲಿಲ್ಲ. ‘ಸೆನ್ಸರ್ಸ್’ನಲ್ಲಿ ಸಂಖ್ಯೆ ಬಂದರೂ ಗ್ರಫಾನಾದ ಜಾಗ ಖಾಲಿಯೇ ಇತ್ತು. ಆದರೆ ಈಗ ಕೆಳಗಿನ ಮೆಟ್ಟಿಲೆಲ್ಲ ಗಟ್ಟಿ, ಮೇಲಿನದೊಂದೇ ನೋಡಬೇಕಾದದ್ದು. ನೋಡ್ ಎಕ್ಸ್‌ಪೋರ್ಟರ್ ಕೊಡುವ ಅಂಕಿಗಳನ್ನು ಬ್ರೌಸರ್‌ನಲ್ಲೇ ತೆರೆದೆ. ತಾಪಮಾನ ಅಲ್ಲಿ ಇತ್ತು, ಅದರ ಚಿಪ್ ಹೆಸರಲ್ಲಿ ಪಿಸಿಐ ವಿಳಾಸ ಇತ್ತು, ಕೊನೆಗೆ 18, 3. ನಾನು ಹಾಕಿಕೊಂಡಿದ್ದ ರೆಡಿಮೇಡ್ ಡ್ಯಾಶ್‌ಬೋರ್ಡ್ ಹುಡುಕುತ್ತಿದ್ದುದು ‘ಪ್ಲಾಟ್‌ಫಾರ್ಮ್ ಕೋರ್‌ಟೆಂಪ್ 0’ ಅನ್ನುವ ಹೆಸರನ್ನು, ಅಂದರೆ ಇಂಟೆಲ್ ಮೆಷಿನ್‌ನ ಹೆಸರನ್ನು. ಪ್ಯಾನೆಲ್ ತೆರೆದು ಆ ಹೆಸರು ಬದಲಿಸಿದೆ. ಗೆರೆ ಮೂಡಿತು.

ಸ್ವಂತ ಸ್ಕ್ರಿಪ್ಟ್ ಬರೆದುಕೊಳ್ಳುವವರಿಗೆ ಒಂದು ಮಾತು. ಎಚ್‌ಡಬ್ಲ್ಯೂಮಾನ್0, ಎಚ್‌ಡಬ್ಲ್ಯೂಮಾನ್1 ಅನ್ನುವ ಈ ನಂಬರ್‌ಗಳು ಶಾಶ್ವತವಲ್ಲ. ಬೂಟ್ ಆಗುವಾಗ ಯಾವ ಡ್ರೈವರ್ ಮೊದಲು ಬಂತು ಅನ್ನುವುದರ ಮೇಲೆ ಬದಲಾಗುತ್ತವೆ. ಹೊಸ ಕರ್ನೆಲ್ ಬಂದ ಮೇಲೆ ನನ್ನಲ್ಲೇ ಎನ್‌ವಿಎಂಇ ಡ್ರೈವ್‌ನ ನಂಬರ್ ಬದಲಾಗಿತ್ತು. ನಂಬರ್ ನಂಬಿ ಬರೆದ ಸ್ಕ್ರಿಪ್ಟ್ ಡ್ರೈವ್‌ನ ತಾಪಮಾನವನ್ನೇ ಪ್ರೊಸೆಸರ್‌ದು ಅಂತ ತೋರಿಸುತ್ತಾ ಕೂರಬಹುದು. 40ರ ಆಸುಪಾಸಿನ ಸಂಖ್ಯೆ ಆದ್ದರಿಂದ ಅನುಮಾನವೂ ಬರುವುದಿಲ್ಲ. ಎಲ್ಲ ಫೋಲ್ಡರ್‌ಗಳ ‘ನೇಮ್’ ಫೈಲ್ ಓದಿ, ಕೆ10ಟೆಂಪ್ ಅಂತ ಇರುವುದನ್ನು ಹುಡುಕಿ, ಅದರೊಳಗಿನ ಫೈಲ್ ಓದುವಂತೆ ಬರೆಯಬೇಕು. ನಾಲ್ಕು ಸಾಲಿನ ಕೆಲಸ.

ತಾಪಮಾನ ಕಾಣತೊಡಗಿದ ಮೇಲೆ ನಿಜವಾದ ಕೆಲಸ ಶುರುವಾಯಿತು. ಈ ಚಿಪ್‌ನ ಮಿತಿ 95 ಡಿಗ್ರಿ. ಮಧ್ಯಾಹ್ನ ಫೋಟೋಪ್ರಿಸಂ ಹೊಸ ಫೋಟೋಗಳಲ್ಲಿ ಮುಖ ಗುರುತಿಸುವಾಗ ಅದು 85ರ ಮೇಲೆ ತುಂಬ ಹೊತ್ತು ನಿಲ್ಲುತ್ತಿತ್ತು. ಕೆಡುವಂಥದ್ದೇನಲ್ಲ, ಮಿತಿ ಮುಟ್ಟಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆದರೂ ಇಡೀ ವರ್ಷ ಹಗಲೂ ರಾತ್ರಿ ನಡೆಯುವ ಮೆಷಿನ್ ಅಷ್ಟು ಬೇಯುವುದು ಬೇಡ ಅನ್ನಿಸಿತು. ಹೀಟ್‌ಸಿಂಕ್‌ನ ಧೂಳು ಬ್ಲೋವರ್‌ನಿಂದ ಊದಿದೆ. ಫೋಟೋ ಕೆಲಸವನ್ನು ರಾತ್ರಿಗೆ ಹಾಕಿದೆ. ಬಯಾಸ್‌ನಲ್ಲಿ ವಿದ್ಯುತ್ ಮಿತಿಯನ್ನು 65 ವ್ಯಾಟ್‌ನಿಂದ 45ಕ್ಕೆ ಇಳಿಸಿದೆ, 5600ಜಿಗೆ ಈ ಎರಡರ ನಡುವೆ ಎಲ್ಲಿ ಬೇಕಾದರೂ ಇಡಲು ಎಎಂಡಿಯೇ ಅವಕಾಶ ಕೊಟ್ಟಿದೆ. ಅದೇ ಸ್ಟ್ರೆಸ್ ಪರೀಕ್ಷೆಯಲ್ಲಿ ಈಗ 75ರ ಒಳಗೇ ನಿಲ್ಲುತ್ತದೆ. ಫೋಟೋ ಕೆಲಸ ಸ್ವಲ್ಪ ನಿಧಾನವಾಗಿರಬಹುದು, ಮನೆಯಲ್ಲಿ ಯಾರಿಗೂ ಗೊತ್ತಾಗಿಲ್ಲ. ಯುಪಿಎಸ್ ಕೂಡ ಕರೆಂಟ್ ಹೋದಾಗ ಮೊದಲಿಗಿಂತ ಜಾಸ್ತಿ ಹೊತ್ತು ತಾಳುತ್ತದೆ.

ಅಂಕಿಗಳನ್ನು ಕೂಡಿಟ್ಟು ಗ್ರಫಾನಾಗೆ ಕೊಡುವ ಪ್ರೊಮಿಥಿಯಸ್‌ನಲ್ಲಿ ಎರಡು ಎಚ್ಚರಿಕೆ ಇಟ್ಟಿದ್ದೇನೆ. 85ರ ಮೇಲೆ 10 ನಿಮಿಷ ನಿಂತರೆ ಫೋನ್‌ಗೆ ಮೆಸೇಜ್ ಬರುತ್ತದೆ. ತಾಪಮಾನದ ಅಂಕಿಯೇ ಬರುವುದು ನಿಂತರೂ ಮೆಸೇಜ್ ಬರುತ್ತದೆ, ಅದಕ್ಕೆ ‘ಆಬ್ಸೆಂಟ್’ ಅನ್ನುವ ಫಂಕ್ಷನ್ ಇದೆ. ಮೊದಲನೆಯದನ್ನು ಎಲ್ಲರೂ ಇಡುತ್ತಾರೆ. ಎರಡನೆಯದನ್ನು ಇಡುವವರು ಕಡಿಮೆ, ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. 2023ರಲ್ಲಿ ಡೆಬಿಯನ್ 12 ಬಂದಾಗ ಅಪ್‌ಗ್ರೇಡ್ ಮಾಡಿದೆ. ಅದರ ಕರ್ನೆಲ್ 6.1 ಈ ಚಿಪ್ಪನ್ನು ತಾನಾಗಿಯೇ ಗುರುತಿಸುತ್ತದೆ. ಬ್ಯಾಕ್‌ಪೋರ್ಟ್ಸ್ ಸಾಲು ತೆಗೆದುಹಾಕಿದೆ. ಚಿಪ್ ಹೆಸರು ಅದೇ ಉಳಿದದ್ದರಿಂದ ಗ್ರಫಾನಾದ ಪ್ಯಾನೆಲ್ ಮುಟ್ಟಬೇಕಾಗಲಿಲ್ಲ.